ಓಡಿದವರೇ ಗುರುವಾದಾಗ

ಕಡೂರಿನಿಂದ ಸಖರಾಯಪಟ್ಟಣದ ಮೇಲೆ ಹಾಯ್ದು ಚಿಕ್ಕಮಗಳೂರಿಗೆ ಹೋಗುವ ರಸ್ತೆ ಸುಮಾರು 40 ಕಿಲೋಮೀಟರು. ಬಸ್ಸಿನಲ್ಲಿ ಕುಳಿತು ನೀವು ಆ ದಾರಿಯನ್ನು ಕಂಡಿರಬಹುದು. ಅದಕ್ಕಿಂತ ಕೊಂಚ ಹೆಚ್ಚು ದೂರವನ್ನು, ಎಂದರೆ 42.75 ಕಿಲೋಮೀಟರನ್ನು, ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು 1920ರ ಆಂಟ್ವರ್ಪ್ ಒಲಿಂಪಿಕ್ ಕೂಟದಲ್ಲಿ 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಓಡಿ 19ನೆಯವರಾದರು. ಗೆದ್ದವರು ಫಿನ್ಲೆಂಡಿನ ಕೊಲೆಹ್ಮೈನೆನ್. ಇಬ್ಬರ ನಡುವೆ 18 ನಿಮಿಷಗಳ ಅಂತರ. ಇಂಥ ಅಂತರವನ್ನು ಕಡಿಮೆ ಮಾಡುವ ಬಗೆ ಹೇಗೆ?

ಈ ಪ್ರಶ್ನೆಗೆ ತನ್ನ ಮೈಯಲ್ಲೇ ಉತ್ತರ ಹುಡುಕಿದವರು ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್. ಅವರು 1917ರಲ್ಲಿ ಆಕ್ಲೆಂಡಿನಲ್ಲಿ ಹುಟ್ಟಿದರು. ಜೋಡು ತಯಾರಿಸುವ ಕಾರ್ಖಾನೆಯಲ್ಲಿ ದುಡಿದರು. ರಗ್ಬಿ ಆಡುತ್ತಿದ್ದ ತಮಗೆ ಕಸುವಿದೆಯೆಂದೇ ನಂಬಿದ್ದರು. ಮೂವತ್ತರ ಹತ್ತಿರ ಬಂದಾಗ ಗೆಳೆಯರೊಬ್ಬರೊಡನೆ 5 ಮೈಲಿ ಓಡಿ ಏದುಸಿರು ಬಿಟ್ಟರು. ಅಂದಿನಿಂದ ಪ್ರಯೋಗ ಆರಂಭವಾಯಿತು. ದೂರವನ್ನು ಮೈ ಸೋಲುವಷ್ಟು ಹೆಚ್ಚಿಸಿ ನೋಡಿದರು, ಇಳಿಸಿ ನೋಡಿದರು. ಕೊನೆಗೆ ವಾರಕ್ಕೆ 100 ಮೈಲಿ ಎಂಬ ಲೆಕ್ಕಕ್ಕೆ ಬಂದರು. 1950ರ ಎಂಪೈರ್ ಕ್ರೀಡಾಕೂಟದಲ್ಲಿ ದೇಶದ ಪರವಾಗಿ ಮ್ಯಾರಥಾನ್ ಓಡಿದರು.

ಅವರ ಪಾಠ ಸರಳ. ಮೊದಲು ನಿಧಾನವಾಗಿ, ಪಕ್ಕದವನೊಡನೆ ಮಾತಾಡಲು ಸಾಧ್ಯವಾಗುವಷ್ಟು ವೇಗದಲ್ಲಿ, ಬಹು ದೂರ ಓಡಬೇಕು. ಇದರಿಂದ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ನೂಕಬಲ್ಲುದಾಗುತ್ತದೆ. ಸ್ನಾಯುಗಳಲ್ಲಿ ಕೂದಲೆಳೆಗಿಂತ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಈ ತಳಪಾಯ ಗಟ್ಟಿಯಾದ ಬಳಿಕ ಗುಡ್ಡದ ಏರು, ಕಟ್ಟಕಡೆಗೆ ವೇಗ. ಅರ್ಧ ಮೈಲಿಯ ಓಟಗಾರ ಪೀಟರ್ ಸ್ನೆಲ್ ಕೂಡ ಭಾನುವಾರಗಳಂದು 22 ಮೈಲಿಯ ಗುಡ್ಡದ ದಾರಿಯನ್ನು ಓಡಬೇಕಾಗಿತ್ತು.

ಫಲವೇನು? 1960ರ ಸೆಪ್ಟೆಂಬರ್ 2ರಂದು, ರೋಮಿನಲ್ಲಿ, ಅವರ ಇಬ್ಬರು ಶಿಷ್ಯರು ಒಂದೇ ಸಂಜೆ ಚಿನ್ನ ಗೆದ್ದರು. 800 ಮೀಟರಿನಲ್ಲಿ ಸ್ನೆಲ್. 5,000 ಮೀಟರಿನಲ್ಲಿ, ರಗ್ಬಿಯಲ್ಲಿ ಪೆಟ್ಟಾಗಿ ಎಡಗೈ ಸ್ವಾಧೀನ ತಪ್ಪಿದ್ದ ಮರ್ರೆ ಹಾಲ್‌ಬರ್ಗ್. ಮುಂದೆ ಲಿಡಿಯಾರ್ಡರು ಹೃದ್ರೋಗದಿಂದ ಚೇತರಿಸಿಕೊಂಡವರನ್ನೂ ಮೆಲ್ಲನೆ ಓಡಿಸಿದರು. 2004ರಲ್ಲಿ ತೀರಿಕೊಂಡರು.

ನಮ್ಮ ಶಾಲಾ ಮೈದಾನದ ಕಡೆ ನೋಡಿ. ಹುಡುಗನೊಬ್ಬ ಮೊದಲ ಸುತ್ತಿಗೇ ಬಾಣದಂತೆ ಹಾರುತ್ತಾನೆ; ಮೂರನೆಯ ಸುತ್ತಿಗೆ ಪಕ್ಕೆ ಹಿಡಿದು ನಿಲ್ಲುತ್ತಾನೆ. ‘ಇವನಿಂದಾಗದು’ ಎನ್ನುತ್ತೇವೆ. ಆಗದ್ದು ಅವನಿಂದಲ್ಲ, ‘ನಿಧಾನ, ಮಗು’ ಎನ್ನುವವರು ಅಲ್ಲಿರಲಿಲ್ಲ, ಅಷ್ಟೆ. ತರಬೇತುದಾರರನ್ನು ಸಿದ್ಧಪಡಿಸಲು ಪಟಿಯಾಲದಲ್ಲಿ 1961ರಲ್ಲೇ ರಾಷ್ಟ್ರೀಯ ಸಂಸ್ಥೆ ಆರಂಭವಾಯಿತು. ಆದರೆ ಮೊದಲ ಮಾತನ್ನು ಹೇಳಬೇಕಾದವರು ಊರಿನವರೇ. ನಿಮ್ಮಲ್ಲಿ ಯಾರಾದರೂ ಹಿಂದೆ ಓಡಿದವರಿದ್ದರೆ, ನಾಳೆ ಬೆಳಗ್ಗೆ ಆ ಹುಡುಗನ ಜೊತೆ ಒಂದು ಮೈಲಿ ಮಾತಾಡುತ್ತ ಓಡಿ.