ಎತ್ತುತ್ತಲೇ ದಣಿಯುವ ಉಕ್ಕು

ಲಾರಿಯ ಹಿಂಬದಿಯ ಟೇಲ್ ಲಿಫ್ಟ್ ಮೇಲೆ ಸರಕಿನೊಂದಿಗೆ ಕೆಲಸಗಾರನೂ ನಿಂತು ಏರಿಳಿಯುವುದಾದರೆ, ಆರು ತಿಂಗಳಿಗೊಮ್ಮೆ ಅದರ ಕೂಲಂಕಷ ತಪಾಸಣೆ ಮಾಡಿಸುವುದು ಬ್ರಿಟನ್ನಿನಲ್ಲಿ ಮಾಲೀಕನ ಕಾನೂನುಬದ್ಧ ಹೊಣೆ. ಬರೀ ಸರಕು ಏರಿಳಿಯುವುದಾದರೆ ವರ್ಷಕ್ಕೊಮ್ಮೆ ಸಾಕು. 1998ರ ‘ಲೋಲರ್’ ನಿಯಮಾವಳಿ ಹೇಳುವುದಿಷ್ಟು. ಗ್ರೀಸ್ ಹಚ್ಚಿ, ಎಣ್ಣೆ ಬದಲಿಸಿ ಸರ್ವಿಸ್ ಮುಗಿಸಿದ ಮೇಲೂ ಇನ್ನೊಬ್ಬರನ್ನು ಕರೆಸಿ ದುಡ್ಡು ಕೊಡಬೇಕೇ ಎಂದು ಯಾವ ಮಾಲೀಕನಾದರೂ ಕೇಳಿಯಾನು. ದಿನವೂ ಟನ್ನುಗಟ್ಟಲೆ ಎತ್ತುತ್ತಿದೆಯಲ್ಲ, ಅದಕ್ಕಿಂತ ದೊಡ್ಡ ಪರೀಕ್ಷೆ ಯಾವುದು? ಮೇಲ್ನೋಟಕ್ಕೆ ಸರಿಯೆನಿಸುವ ಈ ವಾದವನ್ನು ಲೋಹವಿಜ್ಞಾನ ಹತ್ತೊಂಬತ್ತನೇ ಶತಮಾನದಲ್ಲೇ ಬುಡಮೇಲು ಮಾಡಿದೆ.

1842ರ ಮೇ ತಿಂಗಳಲ್ಲಿ ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ ಹೊರಟಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಬೋಗಿಗಳಿಗೆ ಬೆಂಕಿ ಹತ್ತಿ ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಂಟಾರ್ಕ್ಟಿಕಾವರೆಗೆ ಹಡಗು ನಡೆಸಿ ಬದುಕಿ ಬಂದಿದ್ದ ಡ್ಯುಮಾಂಟ್ ದುರ್ವಿಲ್ ಸತ್ತದ್ದೂ ಅದರಲ್ಲೇ. ಅದುವರೆಗೆ ಭಾರ ಹೊತ್ತು ಓಡಿದ್ದ ಅಚ್ಚು ಒಂದು ದಿನ ಏಕೆ ಮುರಿಯಬೇಕು? ಇಂಥ ಪ್ರಶ್ನೆಯ ಬೆನ್ನು ಹತ್ತಿದವನು ಪ್ರಷ್ಯಾದ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್. ಒಂದೇ ಏಟಿಗೆ ಮುರಿಯಲು ಬೇಕಾದ ಭಾರಕ್ಕಿಂತ ಎಷ್ಟೋ ಕಡಿಮೆ ಭಾರವನ್ನು ಮತ್ತೆ ಮತ್ತೆ ಹೇರಿದರೂ ಲೋಹ ಮುರಿಯುತ್ತದೆ ಎಂದು ಅವನು ವರ್ಷಗಟ್ಟಲೆ ಅಚ್ಚುಗಳನ್ನು ತಿರುಗಿಸಿ ತೋರಿಸಿದ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ತುಂಡು ಮಾಡುವವರೆಲ್ಲ ಬಲ್ಲ ಸಂಗತಿಗೆ ಅವನು ಅಂಕಿಗಳನ್ನು ಕೊಟ್ಟ. ಈ ‘ಲೋಹದ ದಣಿವು’ ಮೊದಲು ಕಣ್ಣಿಗೆ ಬೀಳದಷ್ಟು ಸಣ್ಣ ಬಿರುಕಾಗಿ ಹುಟ್ಟಿ, ಪ್ರತಿ ಸುತ್ತಿಗೂ ಒಂದಿಷ್ಟು ಬೆಳೆಯುತ್ತದೆ. ಅಂದರೆ ದಿನವೂ ಕೆಲಸ ಮಾಡುತ್ತಿರುವುದು ಗಟ್ಟಿತನಕ್ಕೆ ಸಾಕ್ಷಿಯಲ್ಲ. ಆ ಕೆಲಸವೇ ಆಯಸ್ಸನ್ನು ತಿನ್ನುತ್ತಿರುತ್ತದೆ.

ಟೇಲ್ ಲಿಫ್ಟ್ ಈ ಕಾಯಿಲೆಗೆ ಹೇಳಿ ಮಾಡಿಸಿದಂತಿದೆ. ಹಲಗೆ ಒಂದೇ ಅಂಚಿನಲ್ಲಿ ಆತುಕೊಂಡು ಹೊರಗೆ ಚಾಚಿರುತ್ತದೆ. 600 ಮಿಲಿಮೀಟರ್ ದೂರದಲ್ಲಿ 1,500 ಕೆ.ಜಿ. ಹೊರುವ ಹಲಗೆಯ ಮೇಲೆ ಸರಕನ್ನು 1,200 ಮಿಲಿಮೀಟರಿಗೆ ಸರಿಸಿದರೆ, 750 ಕೆ.ಜಿ.ಯೇ ಅಷ್ಟೇ ತಿರುಚುಬಲ ಹುಟ್ಟಿಸುತ್ತದೆ. ಅದೆಲ್ಲ ಬಂದು ಬೀಳುವುದು ಪಿನ್ನುಗಳ ಮೇಲೆ, ತೋಳಿನ ಬೆಸುಗೆಯ ಅಂಚಿನ ಮೇಲೆ. ಬಿರುಕು ಶುರುವಾಗುವ ಜಾಗ ಸಾಮಾನ್ಯವಾಗಿ ಅದೇ, ಕೆಸರು ಮೆತ್ತಿಕೊಳ್ಳುವ ಜಾಗವೂ ಅದೇ. ಹಾಗಾದರೆ ಮಿತಿಗಿಂತ ಹೆಚ್ಚು ಭಾರ ಹೇರಿ ಒಮ್ಮೆ ಎತ್ತಿಸಿ ನೋಡಿದರಾಯಿತಲ್ಲ ಎನ್ನಬಹುದು. ಆ ಪರೀಕ್ಷೆ ಇವತ್ತು ಮುರಿಯಲಿಲ್ಲ ಎಂದಷ್ಟೇ ಹೇಳೀತು. ಇದ್ದ ಬಿರುಕನ್ನು ಹಿಗ್ಗಿಸಲೂಬಹುದು. ಇನ್ನು ಏರಿಳಿತ ಎಣಿಸುವ ಸೆನ್ಸರ್ ಹಾಕಿದರೆ ತಪಾಸಣೆಯೇ ಬೇಡ ಎಂದು ಯಾರಾದರೂ ಹೇಳಿದರೆ ಅದು ವ್ಯಾಪಾರದ ಮಾತು. ಎಣಿಕೆ ಉಪಯುಕ್ತ ನಿಜ, ಆದರೆ ಬೆಸುಗೆ ಬಿಟ್ಟಿದೆಯೇ ಎಂದು ನೋಡಲು ಕೆಸರು ತೊಳೆದು ಕಣ್ಣು ಹಾಯಿಸಲೇಬೇಕು.

ನೋಡುವವನು ತನ್ನದೇ ರಿಪೇರಿಗೆ ತಾನೇ ಅಂಕ ಹಾಕಿಕೊಳ್ಳುವಂತಾಗಬಾರದು. ಅದಕ್ಕೇ ತಪಾಸಕ ಕಂಪನಿಯೊಳಗಿನವನಾದರೂ ನಿಷ್ಪಕ್ಷಪಾತಿಯಾಗಿರಬೇಕು ಎಂಬುದು ಬ್ರಿಟನ್ನಿನ ನಿಲುವು. ಅಪಾಯದ ದೋಷ ಕಂಡರೆ ಅವನು ಮಾಲೀಕನಿಗೆ ಕೂಡಲೇ ತಿಳಿಸಬೇಕು, ಸರಿಪಡಿಸುವವರೆಗೆ ಲಿಫ್ಟ್ ನಿಲ್ಲಬೇಕು. ನನಗೆ ಉಳಿಯುವ ತಕರಾರು ಒಂದೇ: ಕಾನೂನು ತಿಂಗಳು ಎಣಿಸುತ್ತದೆ, ಉಕ್ಕು ಏರಿಳಿತ ಎಣಿಸುತ್ತದೆ. ದಿನಕ್ಕೆ 40 ಸಲ ಏರಿಳಿಯುವ ಲಿಫ್ಟ್ 150 ಕೆಲಸದ ದಿನಗಳಲ್ಲಿ 6,000 ಸುತ್ತು ಮುಗಿಸುತ್ತದೆ. ನಾಲ್ಕೇ ಸಲ ಏರುವುದು 600. ಇದಕ್ಕೂ ನಿಯಮದಲ್ಲೇ ದಾರಿಯಿದೆ. ಬಳಕೆಗೆ ತಕ್ಕ ತಪಾಸಣಾ ಯೋಜನೆಯನ್ನು ಸಮರ್ಥ ತಜ್ಞರಿಂದ ಬರೆಸಿಕೊಂಡು ಅದರಂತೆ ನಡೆಯಬಹುದು.