ನಿಮಗಿದು ಗೊತ್ತೇ? ಉಜ್ಜಿದರೂ ಹೋಗದ ಕಲೆ

ಅಡುಗೆಕಟ್ಟೆ, ಹಾಸಿಗೆ, ಶೌಚಾಲಯ ಎಲ್ಲವನ್ನೂ ಹೊತ್ತು ಅಮೆರಿಕದ ಹೆದ್ದಾರಿಗಳಲ್ಲಿ ಓಡುವ ಗಾಡಿಮನೆಗೆ ಅಲ್ಲಿನವರ ಬಾಯಲ್ಲಿ ಆರ್‌ವಿ ಎಂದು ಹೆಸರು. ಅದರ ನೆಲಕ್ಕೆ ಹಾಸುವುದು ಹೆಚ್ಚಾಗಿ ವಿನೈಲ್. ಅದರ ಮೇಲೆ ಕಲೆ ಕಂಡ ಕೂಡಲೇ ಬ್ರಷ್ ಹಿಡಿಯುವವರೇ ಬಹಳ. ಆದರೆ ಈ ಕಲೆಗಳಲ್ಲಿ ಎಷ್ಟೋ ಮೇಲೆ ಬಿದ್ದ ಕೊಳೆಯೇ ಅಲ್ಲ!

● ವಿನೈಲ್ ಹುಟ್ಟಿನಿಂದ ಮೆದುವಲ್ಲ. ಪಿವಿಸಿ ಎಂಬ ಈ ಪ್ಲಾಸ್ಟಿಕ್ ಮೂಲತಃ ನೀರಿನ ಪೈಪಿನಷ್ಟು ಗಡುಸು. 1926ರಲ್ಲಿ ಬಿ.ಎಫ್. ಗುಡ್ರಿಚ್ ಕಂಪನಿಯ ವಾಲ್ಡೋ ಸೆಮನ್, ರಬ್ಬರನ್ನು ಲೋಹಕ್ಕೆ ಅಂಟಿಸುವ ಅಂಟು ಹುಡುಕುತ್ತಾ ಹೊರಟು ಬಗ್ಗುವ ಪಿವಿಸಿ ಕಂಡುಕೊಂಡರು. ಹೀಗೆ ಮೆದು ಮಾಡುವ ಎಣ್ಣೆಯಂಥ ದ್ರವಕ್ಕೆ ಪ್ಲಾಸ್ಟಿಸೈಸರ್ ಎನ್ನುತ್ತಾರೆ. ಅದು ಪಿವಿಸಿಯೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುವುದಿಲ್ಲ, ಸುಮ್ಮನೆ ಒಳಗೆ ಸೇರಿಕೊಂಡಿರುತ್ತದೆ. ಅದರಲ್ಲಿ ಕರಗುವ ಬಣ್ಣ ಯಾವುದೇ ಇರಲಿ, ನೆಲಹಾಸಿನ ಒಳಕ್ಕೆ ಇಳಿದುಬಿಡಬಲ್ಲದು.

● ಬಾಗಿಲ ಬಳಿ ಕಾಲೊರಸಿನ ಅಳತೆಗೇ ಹಳದಿ ಕಲೆ ಮೂಡಿದೆಯೇ? ಅಪರಾಧಿ ಕಾಲೊರಸಿನ ತಳದ ರಬ್ಬರ್. ರಬ್ಬರ್ ಬೇಗ ಹಾಳಾಗದಿರಲಿ ಎಂದು ಬೆರೆಸುವ ರಾಸಾಯನಿಕಗಳು ವಿನೈಲಿಗೆ ದಾಟಿ, ಬೆಳಕು ತಾಗಿದಾಗ ಹಳದಿ, ಕಂದು ಬಣ್ಣಕ್ಕೆ ತಿರುಗುತ್ತವೆ. ರಬ್ಬರ್ ಉದ್ಯಮದವರೇ ಇವುಗಳನ್ನು ‘ಕಲೆ ಮಾಡುವವು’, ‘ಕಲೆ ಮಾಡದವು’ ಎಂದು ಎರಡು ಪಂಗಡ ಮಾಡಿಕೊಂಡಿದ್ದಾರೆ. ಈ ಕಲೆ ಶಾಶ್ವತ. ಯಾವ ಸೋಪಿಗೂ ಬಗ್ಗುವುದಿಲ್ಲ.

● ಕಲೆ ಕಾಲೊರಸಿನ ಆಕಾರದಲ್ಲಿಲ್ಲ, ಬಾಗಿಲಿನಿಂದ ಒಲೆಯವರೆಗೆ ಕಾಲುದಾರಿಯಂತೆ ಸಾಗಿದೆ ಎನ್ನಿ. ಆಗ ಹೊರಗಿನ ಡಾಂಬರನ್ನು ಅನುಮಾನಿಸಬೇಕು. ಹೊಸದಾಗಿ ಡಾಂಬರು ಹಾಕಿದ ಅಥವಾ ಡಾಂಬರಿನ ಮೇಲೆ ಸೀಲರ್ ಬಳಿದ ಅಂಗಳದಲ್ಲಿ ಗಾಡಿ ನಿಲ್ಲಿಸಿದರೆ, ಅದರ ಎಣ್ಣೆಯಂಶ ಚಪ್ಪಲಿಗೆ ಅಂಟಿಕೊಂಡು ಒಳಗೆ ಬಂದು ವಿನೈಲನ್ನು ಹಳದಿ ಮಾಡುತ್ತದೆ.

● ಟೈರಿನ ರಬ್ಬರ್ ಸೀಳದಂತೆ ಕಾಯುವ 6ಪಿಪಿಡಿ ಎಂಬುದೂ ಕಲೆ ಮಾಡುವ ಪಂಗಡದ್ದೇ. ಅದು ಗಾಳಿಯ ಓಝೋನಿನೊಡನೆ ವರ್ತಿಸಿದಾಗ ಹುಟ್ಟುವ ವಸ್ತುವೇ ಮಳೆನೀರಿನಲ್ಲಿ ಹೊಳೆ ಸೇರಿ ಕೋಹೊ ಸಾಲ್ಮನ್ ಮೀನುಗಳನ್ನು ಕೊಲ್ಲುತ್ತಿದೆ ಎಂಬುದು 2020ರಲ್ಲಿ ಬೆಳಕಿಗೆ ಬಂತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಂಶೋಧಕರು ವರ್ಷಗಟ್ಟಲೆ ಬೆನ್ನು ಹತ್ತಿದ್ದ ಒಗಟು ಇದು.

● ಹಳೆಯ ಕಾಲದ ಟ್ರೈಲರಾದರೆ ಅದರ ನೆಲ ವಿನೈಲ್ ಅಲ್ಲದೆ ಲಿನೋಲಿಯಂ ಇರಬಹುದು. ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಅಗಸೆ ಎಣ್ಣೆಯಿಂದ ಇದನ್ನು ತಯಾರಿಸಿ 1863ರಲ್ಲಿ ಪೇಟೆಂಟ್ ಪಡೆದರು. ಕತ್ತಲಲ್ಲಿ ಮುಚ್ಚಿಟ್ಟರೆ ಇದೂ ಹಳದಿಯಾಗುತ್ತದೆ. ಆದರೆ ಬೆಳಕಿಗೆ ಬಿಟ್ಟರೆ ಈ ಹಳದಿ ತಾನಾಗಿಯೇ ಇಳಿಯುತ್ತದೆ. ರಬ್ಬರಿನ ಕಲೆಯದು ತದ್ವಿರುದ್ಧ: ಬೆಳಕು ಬಿದ್ದಷ್ಟೂ ಗಾಢ. ಹಾಗಾಗಿ ಚಾಪೆ ತೆಗೆದು ಕೆಲವು ದಿನ ಬಿಸಿಲು ಬೀಳಲು ಬಿಡುವುದೇ ಒಂದು ಪರೀಕ್ಷೆ.

● ಗುಲಾಬಿ ಕಲೆ ಕಂಡರೆ ಹುಷಾರು. ವಿನೈಲಿನ ಅಡಿ ತೇವ ನಿಂತಾಗ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಅವುಗಳಲ್ಲಿ ಕೆಲವು ಗುಲಾಬಿ ಬಣ್ಣ ಉಗುಳುತ್ತವೆ. ಆ ಬಣ್ಣ ಪ್ಲಾಸ್ಟಿಸೈಸರಿನಲ್ಲಿ ಕರಗಿ ತಳದಿಂದ ಮೇಲಕ್ಕೆ ಏರುತ್ತದೆ. ಜೀವಿ ಕೆಳಗೆ, ಬಣ್ಣ ಮೇಲೆ. ಮೇಲಿನಿಂದ ಎಷ್ಟು ತಿಕ್ಕಿದರೂ ಏನು ಬಂತು?

● ಈ ಗುಲಾಬಿ ಕಲೆ ಮಾಡುವವರಲ್ಲಿ ಪ್ರಮುಖ ಸ್ಟ್ರೆಪ್ಟೊಮೈಸಿಸ್ ಕುಲದ ಬ್ಯಾಕ್ಟೀರಿಯಾ. ಮೊದಲ ಮಳೆಗೆ ಏಳುವ ಮಣ್ಣಿನ ಘಮವೂ, ಕ್ಷಯರೋಗಕ್ಕೆ ಕೊಡುವ ಸ್ಟ್ರೆಪ್ಟೊಮೈಸಿನ್ ಔಷಧವೂ ಇದೇ ಕುಲದ ಕೊಡುಗೆ. ಈ ಕಲೆಯ ಕಾಟ ಎಷ್ಟಿದೆಯೆಂದರೆ, ಪ್ಲಾಸ್ಟಿಕ್ ಅದನ್ನು ತಡೆಯುತ್ತದೆಯೇ ಎಂದು ನೋಡಲೆಂದೇ ‘ಎಎಸ್‌ಟಿಎಂ ಇ1428’ ಎಂಬ ಪರೀಕ್ಷಾ ವಿಧಾನವಿದೆ.

● ಗುಲಾಬಿ ಎಂದಾಕ್ಷಣ ಬ್ಯಾಕ್ಟೀರಿಯಾವನ್ನೇ ದೂರಬೇಡಿ. ಚಳಿಗಾಲದಲ್ಲಿ ಪೈಪು ಒಡೆಯದಿರಲಿ ಎಂದು ಆರ್‌ವಿಗಳ ನೀರಿನ ಕೊಳವೆಗೆ ತುಂಬುವ ಆಂಟಿಫ್ರೀಜ್ ಕೂಡ ಸಾಮಾನ್ಯವಾಗಿ ಗುಲಾಬಿಯೇ. ಅದು ನೀರಿನಲ್ಲಿ ಕರಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಬಟ್ಟೆಗೆ ಬಣ್ಣ ಹತ್ತಿದರೆ ಚೆಲ್ಲಿದ ಆಂಟಿಫ್ರೀಜ್ ಎಂದು ತಿಳಿಯಿರಿ. ಬಟ್ಟೆಗೆ ಏನೂ ಹತ್ತದಿದ್ದರೆ ತೇವ ಅಡಿಯಲ್ಲಿರಬಹುದು.

● ಪ್ರಕೃತಿ ನೇರ ಗೆರೆ ಎಳೆಯುವುದು ಅಪರೂಪ. ಕಲೆ ಸ್ಕೇಲ್ ಇಟ್ಟು ಎಳೆದಂತಿದ್ದರೆ ಅದು ಹೆಚ್ಚಾಗಿ ಕೆಳಗಿನ ಪ್ಲೈವುಡ್ ಹಾಳೆಗಳ ಕೂಡುಗೆರೆ. ಅಲ್ಲಿ ಸುರಿದ ಅಂಟು, ಮರಗೆಲಸದವರು ಮಾರ್ಕರಿನಲ್ಲಿ ಹಾಕಿದ ಗುರುತು, ಪ್ಲೈವುಡ್ ಮೇಲಿನ ಮುದ್ರೆಯ ಶಾಯಿ, ಪೈಪು ಅಂಟಿಸಲು ಬಳಿಯುವ ನೇರಳೆ ಪ್ರೈಮರ್ ಎಲ್ಲವೂ ತಿಂಗಳುಗಳ ನಂತರ ವಿನೈಲ್ ಹಾದು ಮೇಲೆ ಬರಬಲ್ಲವು. ಸಾಲಾಗಿ ಚುಕ್ಕಿ ಕಂಡರೆ, ತುಕ್ಕು ಹಿಡಿದ ಮೊಳೆ ಅಥವಾ ಸ್ಟೇಪಲ್ ಪಿನ್ನು.

● ಅಂಚಿಲ್ಲದೆ ಹರಡಿದ ಬೂದು, ಕಪ್ಪು ಮಚ್ಚೆಯ ಹಿಂದೆ ಸಾಮಾನ್ಯವಾಗಿ ನೀರಿರುತ್ತದೆ. ನೀರು ಎಲ್ಲಿಂದ ಬರುತ್ತಿದೆ? ಮಳೆ ಬಂದಾಗ ಮಾತ್ರ ಮಚ್ಚೆ ಬೆಳೆದರೆ ಚಾವಣಿ, ಕಿಟಕಿ ಅಥವಾ ಮೂಲೆಯ ಸಂದು. ಬಿಸಿಲಿದ್ದರೂ ಬೆಳೆದರೆ ನಲ್ಲಿ, ಕೊಳವೆ ಅಥವಾ ಶೌಚಾಲಯದ ಬುಡ. ನೀರು ಚೌಕಟ್ಟಿನ ಗುಂಟ ಹರಿದು ತಗ್ಗಿನಲ್ಲಿ ನಿಲ್ಲುವುದರಿಂದ, ಸೋರಿದ್ದು ಒಂದು ಕಡೆ, ಕಲೆ ಕಂಡದ್ದು ಇನ್ನೊಂದು ಕಡೆ.

● ಕೊಳವೆಯ ಸೋರಿಕೆ ಪತ್ತೆಗೆ ಕಿವಿ ಸಾಕು. ಎಲ್ಲ ನಲ್ಲಿ ಮುಚ್ಚಿ ಆರ್‌ವಿಯ ನೀರಿನ ಪಂಪನ್ನು ಆನ್ ಮಾಡಿಡಿ. ಒತ್ತಡ ತುಂಬಿದ ಮೇಲೆ ಅದು ಸುಮ್ಮನಾಗಬೇಕು. ಯಾರೂ ನೀರು ಮುಟ್ಟದಿದ್ದರೂ ಆಗಾಗ ಗುರ್ ಎಂದರೆ ಎಲ್ಲೋ ಒತ್ತಡ ಇಳಿಯುತ್ತಿದೆ. ಆ ಎಲ್ಲೋ ಎಂಬುದು ಹೆಚ್ಚಾಗಿ ಸೋರುವ ಕೀಲು.

● ಸೋರಿಕೆಯೇ ಇಲ್ಲದೆಯೂ ನೀರು ಹುಟ್ಟುತ್ತದೆ! ಒಂದು ಕಿಲೋ ಪ್ರೊಪೇನ್ ಅನಿಲ ಪೂರ್ತಿ ಉರಿದರೆ ಸುಮಾರು 1.6 ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಪುಟ್ಟ ಗಾಡಿಯಲ್ಲಿ ಕಿಟಕಿ ಮುಚ್ಚಿ ಅಡುಗೆ ಮಾಡಿದರೆ ಆ ಆವಿ ತಣ್ಣನೆಯ ಮೂಲೆಗಳಲ್ಲಿ ಹನಿಗಟ್ಟಿ ನೆಲಕ್ಕಿಳಿಯುತ್ತದೆ. ಬೂಸ್ಟು ಮೊದಲು ಮೂಲೆ, ಕಪಾಟಿನ ಅಡಿ ಹಿಡಿಯುವುದು ಇದಕ್ಕೇ.

● ಒಣಮರದಲ್ಲಿ ವಿದ್ಯುತ್ ಸರಾಗವಾಗಿ ಹರಿಯುವುದಿಲ್ಲ, ಒದ್ದೆಮರದಲ್ಲಿ ಹರಿಯುತ್ತದೆ. ಎರಡು ಸೂಜಿ ಚುಚ್ಚಿ ಅಳೆಯುವ ತೇವಮಾಪಕದ ಗುಟ್ಟು ಇಷ್ಟೇ. ಮರದ ತೇವ ಶೇ. 20ಕ್ಕಿಂತ ಕಡಿಮೆ ಇದ್ದರೆ ಅದನ್ನು ಕೊಳೆಸುವ ಶಿಲೀಂಧ್ರಗಳು ಬೆಳೆಯಲಾರವು. ಮಾಪಕ ಇಲ್ಲವೇ? ಹಿಮ್ಮಡಿಯಿಂದ ಒತ್ತಿ ನೋಡಿ. ನೆಲ ಕುಸಿದಂತಾದರೆ ಅಡಿಯ ಹಲಗೆ ಆಗಲೇ ಕೊಳೆಯತೊಡಗಿದೆ.

● ತುಕ್ಕಿನ ಕಲೆಗೆ ಬ್ಲೀಚ್ ಹಾಕಿದರೆ ಅದು ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ತುಕ್ಕನ್ನು ಕರಗಿಸುವುದು ಆಕ್ಸಾಲಿಕ್ ಆಮ್ಲ. ಪಾಲಕ್ ಸೊಪ್ಪಿನಲ್ಲೂ ಇರುವಂಥದ್ದು. ಆದರೆ ಪುಡಿಯ ರೂಪದಲ್ಲಿ ಅದು ವಿಷ, ಕೈಗವಸು ಬೇಕೇ ಬೇಕು. ಬ್ಲೀಚ್ ಮತ್ತು ಆಮ್ಲ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ; ಗಾಡಿಯಂಥ ಇಕ್ಕಟ್ಟಿನಲ್ಲಿ ಪ್ರಾಣಕ್ಕೇ ಕುತ್ತು. ಅಸಿಟೋನ್ ಕೂಡ ಬೇಡ, ಅದು ಕಲೆಗಿಂತ ಮೊದಲು ವಿನೈಲನ್ನೇ ಮೆತ್ತಗೆ ಮಾಡುತ್ತದೆ.

● ಗಾಡಿಮನೆ ಇಲ್ಲದವರಿಗೂ ಈ ಪಾಠ ಅನ್ವಯಿಸುತ್ತದೆ. ನಮ್ಮ ಊರುಗಳಲ್ಲಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ನೆಲದ ಕಾರ್ಪೆಟ್ ಕೂಡ ಇದೇ ಪಿವಿಸಿ. ಫ್ರಿಜ್ಜಿನ, ವಾಷಿಂಗ್ ಮೆಷೀನಿನ ರಬ್ಬರ್ ಕಾಲಡಿ ಅದು ಕಂದಾಗುವುದೂ ಇದೇ ಕಾರಣಕ್ಕೆ. ರಬ್ಬರಿಲ್ಲದ ತುಂಡೊಂದನ್ನು ಅಡಿಗಿಟ್ಟರೆ ಸಾಕು.

● ಕಲೆ ಮೇಲಿನದೋ ಕೆಳಗಿನದೋ ಎಂಬ ಜಗಳ ಬಗೆಹರಿಯದಿದ್ದರೆ, ಕಪಾಟಿನೊಳಗೆ ಕಾಣದ ಜಾಗದವರೆಗೂ ಕಲೆ ಹಬ್ಬಿರುವ ಕಡೆ ಒಂದು ಚೂರು ವಿನೈಲ್ ಕತ್ತರಿಸಿ ಮಗುಚಿ ನೋಡಿ. ಬೆನ್ನಿನ ಕಡೆ ಬಣ್ಣ ಹೆಚ್ಚು ಗಾಢವಾಗಿದ್ದರೆ ಮೂಲ ಕೆಳಗಿದೆ. ಆಗ ಹಳೆಯದರ ಮೇಲೆಯೇ ಹೊಸ ವಿನೈಲ್ ಹಾಸುವುದು ದುಡ್ಡು ದಂಡ. ತೇವ ಆರಿಸದೆ, ಕೆಟ್ಟ ಹಲಗೆ ಬದಲಿಸದೆ ಹಾಸಿದರೆ ಅದೇ ಬಣ್ಣ ಹೊಸ ಹಾಸನ್ನೂ ಹಾದು ಮೇಲೆ ಬರುತ್ತದೆ.