ಕೋಳಿಯ ಹಾರ್ಮೋನು ಮತ್ತು ನಮ್ಮ ಲಿವರಿನ ಕೊಬ್ಬು



“ಬ್ರಾಯ್ಲರ್ ಕೋಳಿಗೆ ಹಾರ್ಮೋನ್ ಇಂಜೆಕ್ಷನ್ ಕೊಡುತ್ತಾರಂತೆ, ಅದನ್ನು ತಿಂದರೆ ಫ್ಯಾಟಿ ಲಿವರ್ ಬರುತ್ತದಂತೆ, ಹೌದೇ?” ಈ ಪ್ರಶ್ನೆ ಕೇಳುವ ಗಿರಾಕಿಗಳು ಈಗ ಮುಂಬಯಿಯ ಎಲ್ಲ ಹೊಟೇಲುಗಳಲ್ಲೂ ಸಿಗುತ್ತಾರೆ. ಕೋರಿ ರೊಟ್ಟಿ, ಘೀ ರೋಸ್ಟ್ ಮಾರುವ ನಮಗೆ ಇದಕ್ಕೆ ಸರಿಯಾದ ಉತ್ತರ ಗೊತ್ತಿರಬೇಕು.

ಮೊದಲು ಕೋಳಿಯ ವಿಷಯ. ಬೆಳವಣಿಗೆಯ ಹಾರ್ಮೋನು ಒಂದು ಬಗೆಯ ಪ್ರೋಟೀನು. ಆಹಾರದಲ್ಲಿ ಬೆರೆಸಿ ಕೊಟ್ಟರೆ ಬೇಳೆಯಂತೆ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ. ಕೆಲಸ ಮಾಡಬೇಕಾದರೆ ಒಂದೊಂದು ಕೋಳಿಗೂ ಮತ್ತೆ ಮತ್ತೆ ಸೂಜಿ ಚುಚ್ಚಬೇಕು. ಸಾವಿರಾರು ಕೋಳಿ ಸಾಕುವವನಿಗೆ ಆ ಖರ್ಚು ಎಲ್ಲಿ ಹುಟ್ಟುತ್ತದೆ? ಕೋಳಿ ಬೇಗ ಬೆಳೆಯುವುದು ತಳಿಯಿಂದ ಮತ್ತು ಆಹಾರದಿಂದ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957, 1978 ಮತ್ತು 2005ರ ತಳಿಗಳಿಗೆ ಒಂದೇ ಬಗೆಯ ಆಹಾರ ಕೊಟ್ಟು ಬೆಳೆಸಿ ನೋಡಿದರು. 56 ದಿನಗಳಲ್ಲಿ ಮೊದಲನೆಯದು ಸುಮಾರು 900 ಗ್ರಾಂ, ಎರಡನೆಯದು 1,800 ಗ್ರಾಂ, ಮೂರನೆಯದು 4,200 ಗ್ರಾಂ ತೂಗಿತು. ಆದುದರಿಂದ ಗಿರಾಕಿಗೆ ಧೈರ್ಯವಾಗಿ ಉತ್ತರ ಹೇಳಬಹುದು. ಕೋಳಿಗೆ ಕೊಡುವ ಆಂಟಿಬಯೋಟಿಕ್ ಔಷಧಿಯ ಪ್ರಶ್ನೆ ಬೇರೆ, ಅದರ ಬಗ್ಗೆ ಎಚ್ಚರ ಬೇಕೇ ಬೇಕು.

ಹಾಗಾದರೆ ಹಾರ್ಮೋನಿಗೂ ಫ್ಯಾಟಿ ಲಿವರಿಗೂ ಸಂಬಂಧವೇ ಇಲ್ಲವೇ? ಇದೆ. ಆದರೆ ಅದು ಕೋಳಿಯ ಹಾರ್ಮೋನಲ್ಲ, ನಮ್ಮದೇ ದೇಹದ್ದು.

ನಮ್ಮ ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಇದೆ. ಬೆಳವಣಿಗೆಯ ಹಾರ್ಮೋನು ಅಲ್ಲಿಂದ ಬರುತ್ತದೆ. ಮಕ್ಕಳಲ್ಲಿ ಅದು ಎತ್ತರ ಬೆಳೆಸುತ್ತದೆ. ದೊಡ್ಡವರಲ್ಲಿ ಕೊಬ್ಬು ಕರಗಿಸುವ, ಸ್ನಾಯು ಉಳಿಸುವ ಕೆಲಸ ಮಾಡುತ್ತದೆ. ಈ ಹಾರ್ಮೋನು ತೀರ ಕಡಿಮೆ ಇರುವವರಲ್ಲಿ ಲಿವರಿನಲ್ಲಿ ಕೊಬ್ಬು ಕೂಡುವುದು ಹೆಚ್ಚು ಎಂದು ವೈದ್ಯರು ಕಂಡಿದ್ದಾರೆ. ಇನ್ನೊಂದು ಮಾತು: ಹೊಟ್ಟೆಯ ಬೊಜ್ಜು ಹೆಚ್ಚಿದಂತೆ ಹಾರ್ಮೋನು ಇಳಿಯುತ್ತದೆ, ಹಾರ್ಮೋನು ಇಳಿದಂತೆ ಬೊಜ್ಜು ಏರುತ್ತದೆ. ಒಂದು ಇನ್ನೊಂದರ ಬಾಲ ಹಿಡಿದ ಹಾಗೆ. ಅಷ್ಟೇ ಅಲ್ಲ, ಇದು ಹೆಚ್ಚಾಗಿ ಒಸರುವುದು ರಾತ್ರಿ ಗಾಢ ನಿದ್ದೆ ಹತ್ತಿದ ಮೊದಲ ಗಂಟೆಗಳಲ್ಲಿ.

ಇಲ್ಲಿಗೆ ನಮ್ಮ ಕಸುಬಿನ ಮಾತು ಬಂತು. ಪರ್ಮಿಟ್ ರೂಮ್ ಮುಚ್ಚುವಾಗ ರಾತ್ರಿ ಒಂದೂವರೆ. ಲೆಕ್ಕ ಮುಗಿಸಿ ಊಟ ಎರಡು ಗಂಟೆಗೆ, ಉಂಡ ಕೂಡಲೇ ಹಾಸಿಗೆ. ಬೆಳಿಗ್ಗೆ ಹಾಲಿನವನು, ತರಕಾರಿಯವನು ಎಬ್ಬಿಸುತ್ತಾರೆ. ಹಗಲಿಡೀ ಗಲ್ಲಾದಲ್ಲಿ ಕೂತು ಸಕ್ಕರೆ ಹಾಕಿದ ಐದಾರು ಕಟಿಂಗ್ ಚಾ. ಮಾಲಕರದ್ದೂ ಇದೇ, ಭಟ್ಟರದ್ದೂ ಮಾಣಿಗಳದ್ದೂ ಇದೇ.

ಈ ಕಾಯಿಲೆ ಮುಂಬಯಿಗೆ ಹೊಸತಲ್ಲ. ಬಾಂಬೆ ಆಸ್ಪತ್ರೆಯ ಡಾ. ದೀಪಕ್ ಅಮರಾಪುರ್‌ಕರ್ ಮತ್ತು ಸಂಗಡಿಗರು ಇಲ್ಲಿನ ರೈಲ್ವೆ ಕಾಲನಿಗಳಲ್ಲಿ ತಪಾಸಣೆ ನಡೆಸಿ 2007ರಲ್ಲಿ ವರದಿ ಪ್ರಕಟಿಸಿದರು. ಮದ್ಯದಿಂದಲ್ಲದ ಫ್ಯಾಟಿ ಲಿವರ್ ಗಂಡಸರಲ್ಲಿ ನೂರಕ್ಕೆ 24.6, ಹೆಂಗಸರಲ್ಲಿ 13.6 ಮಂದಿಗೆ ಇತ್ತು. 2017ರ ಆಗಸ್ಟ್ 29ರ ಮಹಾಮಳೆಯಲ್ಲಿ ಎಲ್ಫಿನ್‌ಸ್ಟನ್ ರೋಡ್ ಬಳಿ ತೆರೆದ ಮ್ಯಾನ್‌ಹೋಲಿಗೆ ಬಿದ್ದು ತೀರಿಕೊಂಡವರು ಇದೇ ಡಾಕ್ಟರರು. ಕೇಂದ್ರ ಸರಕಾರವೂ 2021ರ ಫೆಬ್ರವರಿಯಲ್ಲಿ ಈ ಕಾಯಿಲೆಯನ್ನು ಮಧುಮೇಹ, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು.

ಹಾರ್ಮೋನು ಕಡಿಮೆಯಾದರೆ ಇಂಜೆಕ್ಷನ್ ತೆಗೆದುಕೊಳ್ಳಬಹುದಲ್ಲ ಎಂದು ಜಿಮ್‌ಗೆ ಹೋಗುವ ನಮ್ಮ ಹುಡುಗರು ಕೇಳಿಯಾರು. ಅಂಥ ಸಾಹಸ ಬೇಡ. ಅಮೆರಿಕದಲ್ಲಿ ಈ ಹಾರ್ಮೋನನ್ನು ಹೆಚ್ಚಿಸುವ ಒಂದು ಔಷಧಿಯನ್ನು ಎಚ್‌ಐವಿ ಪೀಡಿತರಿಗೆ ಕೊಟ್ಟಾಗ ಲಿವರಿನ ಕೊಬ್ಬು ಇಳಿದದ್ದು ನಿಜ, 2019ರಲ್ಲಿ ಅದರ ವರದಿ ಬಂದಿದೆ. ಆದರೆ ಹಾರ್ಮೋನು ಹೆಚ್ಚಾದರೆ ರಕ್ತದ ಸಕ್ಕರೆ ಏರುತ್ತದೆ, ಕೈಕಾಲು ಬಾತುಕೊಳ್ಳುತ್ತದೆ. ಸಾಮಾನ್ಯ ಫ್ಯಾಟಿ ಲಿವರಿಗೆ ಇದು ಮದ್ದಲ್ಲ.

ಮದ್ದು ನಮ್ಮ ಕೈಯಲ್ಲೇ ಇದೆ. ತೂಕದಲ್ಲಿ ನೂರಕ್ಕೆ 7ರಿಂದ 10 ಪಾಲು ಇಳಿಸಿದರೆ ಲಿವರಿನ ಕೊಬ್ಬೂ ಉರಿಯೂತವೂ ಇಳಿಯುತ್ತದೆ. 80 ಕಿಲೋ ಇದ್ದವರು ಆರರಿಂದ ಎಂಟು ಕಿಲೋ ಇಳಿಸಿದರೆ ಆಯಿತು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ರಾತ್ರಿಯ ಊಟವನ್ನು ಗಿರಾಕಿಗಳ ಗದ್ದಲ ಏಳುವ ಮೊದಲು, ಏಳು ಗಂಟೆಗೇ ಮುಗಿಸಿರಿ. ಚಾದ ಸಕ್ಕರೆ ತಗ್ಗಿಸಿರಿ. ದಿನಕ್ಕೆ ಅರ್ಧ ಗಂಟೆ ನಡೆಯಿರಿ. ಕುಡಿಯುವ ಅಭ್ಯಾಸವಿದ್ದವರು ಬಿಡುವುದೇ ಒಳ್ಳೆಯದು. ರಾತ್ರಿ ಮುಚ್ಚಿದವನೇ ಬೆಳಿಗ್ಗೆ ತೆರೆಯದ ಹಾಗೆ ಪಾಳಿ ಹಾಕಿರಿ, ಮಾಣಿಗಳಿಗೂ ಏಳು ಗಂಟೆಯ ನಿದ್ದೆ ಸಿಗಲಿ.

ಫ್ಯಾಟಿ ಲಿವರ್ ನೋವು ಕೊಟ್ಟು ಎಚ್ಚರಿಸುವುದಿಲ್ಲ. ಗೊತ್ತಾಗುವಷ್ಟರಲ್ಲಿ ಕೆಲವರಿಗೆ ಲಿವರ್ ಗಟ್ಟಿಯಾಗಿ ಸಿರೋಸಿಸ್ ಬಂದಿರುತ್ತದೆ. ನಲ್ವತ್ತು ದಾಟಿದವರು, ಅದರಲ್ಲೂ ಸಕ್ಕರೆ ಕಾಯಿಲೆ ಇಲ್ಲವೇ ಬೊಜ್ಜು ಇದ್ದವರು, ವೈದ್ಯರನ್ನು ಕೇಳಿ ಹೊಟ್ಟೆಯ ಸೋನೋಗ್ರಫಿ ಮತ್ತು ಲಿವರಿನ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಲೈಸನ್ಸ್ ನವೀಕರಣದ ತಾರೀಕು ಮರೆಯದ ನಾವು ಈ ತಾರೀಕನ್ನೂ ಡೈರಿಯಲ್ಲಿ ಬರೆದಿಟ್ಟುಕೊಳ್ಳೋಣ.